ಬಲೆಯ ಎಡಗಡೆಯ ಗಂಟು

ನವೆಂಬರ್ 4, 2024

ದಿನಕ್ಕೆ ಅರ್ಧ ಪುಟ ಬರೆಯಬೇಕಂತೆ. ಕೈಗೆ ವ್ಯಾಯಾಮ ಮಾಡಿಸುವ ಹುಮೇರಾ ಹೇಳಿದ್ದಾಳೆ. ಲಕ್ವಾ ಸಣ್ಣಗೆ ಹೊಡೆದು ಎರಡು ತಿಂಗಳಾಯಿತು, ಬಲಗೈ ಬೆರಳು ಇನ್ನೂ ನನ್ನ ಮಾತು ಕೇಳುವುದಿಲ್ಲ. "ಏನ್ ಬರೀಲವ್ವಾ?" ಅಂದೆ. "ಏನರ ಬರೀರಿ ಕಾಕಾ, ಯಾರೂ ಓದಂಗಿಲ್ಲ" ಅಂದಳು. ಅಕ್ಷರ ಕೋಳಿ ಕೆದರಿದ ಹಾಗಿವೆ. ಯಾರು ಓದುತ್ತಾರೆ? ಸಾಕು.

ನವೆಂಬರ್ 6

ಅಂಗಡಿಗೆ ಹೋಗಿದ್ದೆ. ರಾಯಚೂರಿನ ಧಾನ್ಯದ ಪೇಟೆ ಗಂಜ್‌ಗೆ ಹೊಸ ಭತ್ತ ಬರುತ್ತಿದೆ, ಗೋಣಿಚೀಲ ಕೇಳುವವರು ಬಹಳ. ಹರಿದ ಚೀಲ ಹೊಲಿಯೋಣವೆಂದು ದಬ್ಬಣ ಹಿಡಿದರೆ ಜಾರಿ ಬಿತ್ತು. ಮೂರು ಸಲ. ನಾಲ್ಕನೆಯ ಸಲ ನಾನೇ ಎಸೆದೆ. ಬಾಲಮ್ಮ ಎತ್ತಿಕೊಂಡು ಬಂದು ಒಂದು ಮಾತೂ ಆಡದೆ ಕೈಯಲ್ಲಿಟ್ಟಳು. ಹೆಂಡತಿ ಬೈಯದಿದ್ದರೆ ಜೀವಕ್ಕೆ ಭಯವಾಗುತ್ತದೆ.

ನವೆಂಬರ್ 11

ಕಾಲೇಜಿನ ಕಾಲದ ಗೆಳೆಯ ಶೇಖರನ ಫೋನ್ ಬಂತು. "ಏನಲೇ ಅಯ್ಯಣ್ಣ, ಬದುಕೀಯೋ ಇಲ್ಲೋ? ಶನಿವಾರ ದೇವದುರ್ಗದಾಗ ಮ್ಯಾಚ್ ಅದ. ನಮ್ಮ ಕಾಲೇಜ್ ಹುಡುಗ್ಯಾರು ಆಡಾಕತ್ತಾರ. ಸುತಳಿ ತಗೊಂಡು ಬಸ್‌ಸ್ಟ್ಯಾಂಡಿಗಿ ಬಾ."

ಹುಡುಗರ ಹಾಕಿ ತಂಡ ಯಾವಾಗಲೋ ಮುಗಿಯಿತು, ಎಲ್ಲರೂ ಕ್ರಿಕೆಟ್ಟಿಗೆ ಹೋದರು. ಈಗ ಉಳಿದಿರುವುದು ಆ ಹುಡುಗಿಯರ ತಂಡ. ನಮ್ಮ ಕಾಲದ ಆಟ ಅವರಿಗೆಲ್ಲಿ ಬರಬೇಕು? ಆದರೂ ಹೋಗುತ್ತೇವೆ.

ನಾನು ಆಡಿದವನಲ್ಲ. ಸ್ಟಿಕ್ ಹಿಡಿದರೆ ಕಸ ಗುಡಿಸುವವನ ಹಾಗೆ ಕಾಣುತ್ತಿದ್ದೆ. ನೋಡುವ ಹುಚ್ಚು ಮಾತ್ರ ಇತ್ತು. ಹೊರ ಊರಿನ ಮ್ಯಾಚಿಗೆ ಹೊರಟ ಟೆಂಪೋದಲ್ಲಿ ಬರೀ ನೋಡುವವರಿಗೆ ಜಾಗವಿಲ್ಲ ಎಂದು ನಮ್ಮ ಕೋಚ್ ಇಳಿಸುತ್ತಿದ್ದರು. ಒಂದು ದಿನ ಗೋಲಿನ ಬಲೆ ಹರಿಯಿತು. ಗೋಣಿ ಅಂಗಡಿಯವನ ಮಗ ನಾನು, ದಬ್ಬಣ ತಂದು ಕೂತಲ್ಲೇ ಹೊಲಿದೆ. ಅಲ್ಲಿಂದ ನನ್ನನ್ನು ಯಾರೂ ಇಳಿಸಲಿಲ್ಲ. ಆಗ ಸಣ್ಣ ಊರುಗಳಲ್ಲಿ ಕಂಬ ಇರುತ್ತಿದ್ದವು, ಬಲೆ ಇರುತ್ತಿರಲಿಲ್ಲ. ನಾವೇ ಚೀಲದಲ್ಲಿ ತುಂಬಿಕೊಂಡು ಹೋಗಬೇಕು, ನಾನು ಆ ಚೀಲದ ಮೇಲೆ ಕೂರಬೇಕು. ಮಾನ್ವಿ, ದೇವದುರ್ಗ, ಸಿಂಧನೂರು, ಲಿಂಗಸುಗೂರು. ಕಲ್ಲೂರಿನಲ್ಲಿ ನಿಲ್ಲಿಸಿ ಮಂಡಾಳ ಒಗ್ಗರಣೆ, ಮಿರ್ಚಿ. ಡಬ್ಬಿಯಲ್ಲಿ ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ. ಅರ್ಧ ನನಗೆ, ಅರ್ಧ ಶೇಖರನಿಗೆ. ನಾನು ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಕಾಲೇಜು ಬಿಟ್ಟೆ, ಮ್ಯಾಚು ಬಿಡಲಿಲ್ಲ. ಆ ದಾರಿಯ ಧೂಳಿನ ವಾಸನೆ ನೆನೆದರೆ ಈಗಲೂ ಹೊಟ್ಟೆ ಹಸಿಯುತ್ತದೆ.

ಫೋನ್ ಇಡುವಾಗ ಶೇಖರ ಹೇಳಿದ: "ಮೂವತ್ತನೇ ತಾರೀಖು ಮಾನ್ವಿಯಾಗ ಅದ ನೋಡು. ನನ್ನ ಮುಖ್ಯ ಅತಿಥಿ ಮಾಡ್ಯಾರ. ಆ ಗೋಲು ಹೊಡದಾಂವ ಅಂತ."

ಆಗಲಿ ಅಂದು ಫೋನ್ ಇಟ್ಟೆ. ಆ ಗೋಲಿನದೊಂದು ಸಂಗತಿ ಅವನಿಗೂ ಗೊತ್ತಿಲ್ಲ.

ನವೆಂಬರ್ 12

ಬಾಲಮ್ಮನಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ಬೇಡವಾದರೆ ಹರಿದು ಹಾಕಿದರಾಯಿತು.

1994, ಜನವರಿ 22. ಮಾನ್ವಿಯಲ್ಲಿ ಫೈನಲ್, ಅವರ ಕಾಲೇಜಿಗೂ ನಮಗೂ. ಟೆಂಪೋ ಕಲ್ಲೂರಿನ ಹತ್ತಿರ ಪಂಕ್ಚರ್ ಆಗಿ ಒಂದು ತಾಸು ತಡ. ಇಳಿಯುವ ಹೊತ್ತಿಗೆ ಜನ ಕೂಗಾಡುತ್ತಿದ್ದರು, ಅಂಪೈರ್ ಸೀಟಿ ಮೇಲೆ ಸೀಟಿ ಊದುತ್ತಿದ್ದ. ಓಡೋಡಿ ಬಲೆ ಕಟ್ಟಿದೆ. ಬಲಗಡೆ ಸರಿಯಾಗಿ ಕಟ್ಟಿದೆ. ಎಡಗಡೆಯ ನಡುವಿನ ಗಂಟಿಗೆ ಬರುವಾಗ ಕೈ ತನ್ನ ರೂಢಿಯ ಕೆಲಸ ಮಾಡಿತು. ಗಂಜ್‌ನಲ್ಲಿ ಚೀಲದ ಬಾಯಿಗೆ ನಾವು ಒಂದು ಗಂಟು ಹಾಕುತ್ತೇವೆ. ವ್ಯಾಪಾರಿ ಕಾಳು ನೋಡಬೇಕೆಂದರೆ ಒಂದೆಳೆ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಆ ಗಂಟು ಹಾಕಿಬಿಟ್ಟೆ.

ಇನ್ನು ಎರಡು ನಿಮಿಷವಿತ್ತು, ಎರಡೂ ಕಡೆ ಸೊನ್ನೆ. ಶೇಖರ ಆ ಎಡಬದಿಯಿಂದ ಓಡಿಬಂದು ಗೋಲಿನ ಗೆರೆಯ ಅಂಚಿನಿಂದಲೇ ಹೊಡೆದ. ಅವರ ಗೋಲ್‌ಕೀಪರ್ ಪರ್ವೇಜ್ ಕಂಬಕ್ಕೆ ಅಡ್ಡ ಬಿದ್ದ. ಬರೀ ಧೂಳು. ನಾನು ಗೋಲಿನ ಹಿಂದೆ ನಿಂತವನು, ಚೆಂಡು ಬಲೆಯೊಳಗೆ ಕಂಡದ್ದೇ "ಗೋಲ್!" ಎಂದು ಕೂಗಿದೆ. ಎಲ್ಲರಿಗಿಂತ ಮೊದಲು ಕೂಗಿದವನು ನಾನೇ. ದೂರದಲ್ಲಿದ್ದ ಅಂಪೈರ್ ನನ್ನ ಕಡೆ ನೋಡಿದ, ಒಳಗಿದ್ದ ಚೆಂಡು ನೋಡಿದ, ಸೀಟಿ ಊದಿದ.

ಕೂಗು ಮುಗಿಯುವ ಮೊದಲೇ ನನಗೆ ಕಂಡಿತ್ತು. ಚೆಂಡು ಹೋದದ್ದು ಕಂಬದ ಹೊರಗಿನಿಂದ. ನನ್ನ ಗಂಟು ಬಿಚ್ಚಿ ಬಲೆ ಬಾಯಿ ತೆರೆದಿತ್ತು. ಎಲ್ಲರೂ ಶೇಖರನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಓಡಿದರು. ನಾನು ಕುಕ್ಕರುಗಾಲಲ್ಲಿ ಕೂತು ಆ ಗಂಟನ್ನು ಮತ್ತೆ ಕಟ್ಟಿದೆ, ಈ ಸಲ ಸರಿಯಾಗಿ. ಕೂಗಿದ್ದು ತಪ್ಪು, ಆದರೆ ಕಟ್ಟಿದ್ದು ಪಾಪ.

ಪರ್ವೇಜ್ ಎದ್ದು "ಎಲ್ಲಿಂದ ಹೋತು? ಎಲ್ಲಿಂದ ಹೋತು?" ಎಂದು ಎಲ್ಲರನ್ನೂ ಕೇಳಿದ. ಅವರ ಊರಿನವನೇ ಯಾರೋ ಅಂದ: "ನಿನ್ನ ಕಾಲಾಗಿಂದ ಹೋತಲೇ, ದರ್ವಾಜಾ ತೆಗೆದಿಟ್ಟಿದ್ದೆಲ್ಲಾ!" ಅಂದಿನಿಂದ ಅವನಿಗೆ ದರ್ವಾಜಾ ಎಂದೇ ಹೆಸರು. ಅವನು ಮತ್ತೆ ಸ್ಟಿಕ್ ಹಿಡಿಯಲಿಲ್ಲವಂತೆ, ಮಾನ್ವಿಯಲ್ಲೇ ಪಾತ್ರೆ ಅಂಗಡಿ ಇಟ್ಟನಂತೆ. ಶೇಖರ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ, ಅದರ ಮೇಲೆ ಸರ್ಕಾರಿ ನೌಕರಿ ಸಿಕ್ಕಿತು. ಮೂವತ್ತು ವರ್ಷದಿಂದ ಪ್ರತಿ ಬಸ್ಸಿನಲ್ಲೂ ಆ ಗೋಲಿನ ಕಥೆ ಹೇಳುತ್ತಾನೆ. ನಾನು ಪಕ್ಕದಲ್ಲಿ ಕೂತು ಹೂಂ ಅನ್ನುತ್ತೇನೆ.

ನವೆಂಬರ್ 16

ದೇವದುರ್ಗ. ಬಸ್ಸು ಗಬ್ಬೂರು ದಾಟುವ ಮೊದಲೇ ಶೇಖರ ತನ್ನ ಕಥೆಯ ಗೋಲು ಹೊಡೆದು ಮುಗಿಸಿದ್ದ. ಹೂಂ ಅಂದೆ.

ಎರಡು ಬಲೆ ಕಟ್ಟಲು ಒಂದು ತಾಸಿನ ಮೇಲಾಯಿತು. ಎಳೆ ಹಿಡಿಯಲು ನಮ್ಮ ಗೋಲ್‌ಕೀಪರ್ ಹುಡುಗಿ ಬಂದಳು. ಮೌನೇಶ್ವರಿ ಅಂತ, ಮಲ್ಲಟದವಳು, ಬಾಯಿ ಬಹಳ. "ಎಷ್ಟ್ ಗಂಟ ಹಾಕ್ತೀರಿ ಕಾಕಾ? ಬಲಿ ಕಟ್ಟಾಕತ್ತೀರೋ, ಎಮ್ಮಿ ಕಟ್ಟಾಕತ್ತೀರೋ?"

"ಸುಮ್ನ ಹಿಡಿಯಬೇ" ಅಂದೆ.

ಕೊನೆಯ ನಿಮಿಷದಲ್ಲಿ ನಾವು 1–2 ಹಿಂದಿದ್ದೆವು. ನಮ್ಮ ಹುಡುಗಿ ಹೊಡೆದ ಚೆಂಡು ಎದ್ದು ಹೋಗಿ ಪಕ್ಕದ ಬಲೆಗೆ ಬಡಿಯಿತು, ಬಲೆ ಉಬ್ಬಿತು. ಎಲ್ಲರೂ ಗೋಲೆಂದು ಕುಣಿದರು. ನಾನು ಹಿಂದೆಯೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಅಂಪೈರಮ್ಮ ಓಡಿಬಂದು ಕಂಬದುದ್ದಕ್ಕೂ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗಂಟನ್ನೂ ಬೆರಳಿನಿಂದ ಒತ್ತಿ ನೋಡಿದಳು. ಇರುವೆ ಹೋಗಲೂ ಸಂದಿಲ್ಲ. ಗೋಲಲ್ಲ ಎಂದು ಕೈ ಮಾಡಿದಳು. ಸೋತೆವು.

ವಾಪಸ್ಸು ಬರುವಾಗ ಶೇಖರ ನನ್ನ ಬೆನ್ನಿಗೆ ಗುದ್ದಿ ನಕ್ಕ. "ಒಂದ ಗಂಟ ಸಡಲ ಬಿಟ್ಟಿದ್ರ ಏನಾಗ್ತಿತ್ತಲೇ ನಿನಗ?" ಬಸ್ಸೆಲ್ಲ ನಕ್ಕಿತು. ನಾನು ಉಳಿದ ಸುತಳಿ ಸುತ್ತುತ್ತಾ ಕೂತೆ. ಆಗ ಮೌನೇಶ್ವರಿ ಹಿಂದಿನ ಸೀಟಿನಿಂದ ತಲೆ ಹಾಕಿ ಮೆಲ್ಲಗೆ ಅಂದಳು: "ಗಂಟು ಚಲೋ ಇತ್ತು ಕಾಕಾ. ಇಲ್ಲಂದ್ರ ಆ ಕಡಿ ಕೀಪರ್ ಹುಡುಗಿ ತನ್ನದಲ್ಲದ ತಪ್ಪಿಗಿ ಬೈಸ್ಗೋತಿದ್ಳು."

ಸೋತು ಅತ್ತು ಕಣ್ಣು ಕೆಂಪಾಗಿದ್ದವು ಅವಳವು. ಆದರೂ ಎದುರಾಳಿಯ ಕೀಪರ್ ನೆನಪಾಗಿದ್ದಳು.

ನವೆಂಬರ್ 21

ಹಳೆ ಚೀಲ ತರಲು ಹೋಗುತ್ತೇನೆಂದು ಬಾಲಮ್ಮನಿಗೆ ಸುಳ್ಳು ಹೇಳಿ ಒಬ್ಬನೇ ಮಾನ್ವಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಆಟೊದವನನ್ನು ಪರ್ವೇಜ್ ಅವರ ಪಾತ್ರೆ ಅಂಗಡಿ ಎಲ್ಲಿ ಎಂದು ಕೇಳಿದೆ. ಯೋಚಿಸಿ, "ಓ, ದರ್ವಾಜಾನ ಅಂಗಡಿಯೇನ್ರಿ? ಬರ್ರಿ" ಅಂದ. ಅವನಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಆ ಮ್ಯಾಚಿನ ದಿನ ಅವನು ಹುಟ್ಟಿಯೇ ಇರಲಿಲ್ಲ.

ಪರ್ವೇಜ್ ಮದುವೆಯ ಕೊಡಗಳ ಮೇಲೆ ಮಷಿನ್ನಿನಿಂದ ಹೆಸರು ಕೊರೆಯುತ್ತಿದ್ದ. ನಮ್ಮ ಕಡೆ ಹೆಸರು ಕೊರೆಯದ ಸ್ಟೀಲ್ ಪಾತ್ರೆ ಉಡುಗೊರೆಯೇ ಅಲ್ಲ. ಯಾರಿಂದ, ಯಾರಿಗೆ, ಯಾವ ದಿನ, ಎಲ್ಲ ಇರಬೇಕು. ಗಡ್ಡ ಬೆಳ್ಳಗಾಗಿದೆ. ನಾನು ರಾಯಚೂರಿನವನು, ತೊಂಬತ್ತನಾಲ್ಕರಲ್ಲಿ ಬಲೆ ಕಟ್ಟಿದವನು ಅಂದೆ. ಅವನೇ ನಕ್ಕು ಸ್ಟೂಲ್ ಎಳೆದ. "ಬರ್ರಿ, ಕುಂದರ್ರಿ. ದರ್ವಾಜಾ ನೋಡಾಕ ಬಂದ್ರೇನು?"

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮಷಿನ್ ನಿಂತಿತು.

"ಇಲ್ರೀ" ಅಂದ. "ನನ್ನ ಕಾಲಾಗಿಂದ ಹೋಗ್ಯದ. ಪ್ಯಾಡಿಗಿ ತಗಲಿ ಹೋಗಿದ್ದು ನನಗ ಗೊತ್ತದ. ಇಲ್ಲಿ." ಪ್ಯಾಂಟು ಮೇಲೆತ್ತಿ ಎಡಗಾಲಿನ ಒಳಬದಿಗೆ ಬೆರಳಿಟ್ಟು ತೋರಿಸಿದ.

"ತಗಲಿಲ್ರಿ. ಕಂಬದ ಹೊರಗಿಂದ ಬಂತು."

"ಹಂಗಾರ ಮೂವತ್ತು ವರ್ಷ ಆತು, ಇಲ್ಲಿ ಏನ್ ತಗಲಾಕತ್ತದ?"

ಅವನು ಆ ಜಾಗವನ್ನು ಉಜ್ಜುತ್ತಲೇ ಇದ್ದ. ನಂತರ ಕೇಳಿದ. "ನಾ ಆಡೋದು ಬಿಟ್ಟಿದ್ದು ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಿ."

"ಸುಮ್ನಿದ್ನಿ."

ಅವನ ಹೆಂಡತಿ ಗುಲ್ನಾಜ್ ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಅಣ್ಣಾರ, ಗೋಲ್ ಅಂತ ಒದರಿದ್ದು ಊರ ಮುಂದ. ತಪ್ಪಾತು ಅನ್ನೋದು ಅಂಗಡ್ಯಾಗ ಕುಂತು, ಕಿವ್ಯಾಗ. ಇದ್ಯಾವ ನ್ಯಾಯರೀ? ನನ್ನ ಮಗಳ ನಿಕಾದಾಗ ಬೀಗರು ಸುದ್ದಾ ದರ್ವಾಜಾನ ಮಗಳು ಅಂದ್ರು."

ಪರ್ವೇಜ್ "ಬಿಡು" ಅಂದ. ಅವಳು ಬಿಡಲಿಲ್ಲ. "ಮೂವತ್ತನೇ ತಾರೀಖು ಮೈದಾನಕ್ಕ ನಾವೂ ಬರ್ತೀವಿ. ಎಲ್ಲಿ ಒದರಿದ್ರಿ, ಅಲ್ಲೇ ಹೇಳ್ರಿ."

ಚಹಾ ಕೊಟ್ಟರು. ಸಕ್ಕರೆ ಇರಲಿಲ್ಲ. ಮರೆತರೋ, ಬೇಕೆಂದೋ? ಪೂರ್ತಿ ಕುಡಿದೆ.

ನವೆಂಬರ್ 25

ಶೇಖರ ಮನೆಗೆ ಬಂದಿದ್ದ, ಮುಖ್ಯ ಅತಿಥಿಯ ಹೊಸ ಅಂಗಿ ತೋರಿಸಲು. ಕನ್ನಡಿ ಮುಂದೆ ನಿಂತು "ಹೆಂಗ ಕಾಣಾಕತ್ತೀನಿ?" ಅಂದ. ಚಲೋ ಅಂದೆ. ಹೇಳಬೇಕೆಂದು ಬಾಯಿ ತೆರೆದೆ. ಬಾಲಮ್ಮ ಉಪ್ಪಿಟ್ಟು ತಂದಳು. ತಿಂದೆವು. ಹೋದ.

ಪರ್ವೇಜ್‌ನಿಗೆ ಮಾನ ಕೊಡಬೇಕೆಂದರೆ ಶೇಖರನಿಂದ ಆ ಗೋಲು ಕಸಿಯಬೇಕು. ಬೇರೆ ದಾರಿ ಇದ್ದರೆ ಯಾರಾದರೂ ಹೇಳಿ.

ನವೆಂಬರ್ 30

ಬೆಳಿಗ್ಗೆ ಬಸ್ಸಿನಲ್ಲೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಕಲ್ಲೂರು ಬಂತು. ಅಲ್ಲಿಯೇ ನಮ್ಮ ಟೆಂಪೋ ಪಂಕ್ಚರ್ ಆದದ್ದು ಎಂದು ಶೇಖರ ಹುಡುಗಿಯರಿಗೆ ತೋರಿಸಿದ, ಸ್ಟಿಕ್ ಇಸಿದುಕೊಂಡು ಸೀಟುಗಳ ನಡುವೆ ನಿಂತು ಗೋಲು ಹೊಡೆದು ತೋರಿಸಿದ. ಐವತ್ತೆರಡರ ಮನುಷ್ಯ, ಹೊಟ್ಟೆ ಬಂದಿದೆ, ಆದರೆ ಆ ಸೊಂಟ ತಿರುಗಿಸುವುದು ಇಪ್ಪತ್ತೊಂದರ ಶೇಖರನದೇ. ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಆ ಕಾಲವೆಲ್ಲ ಕಣ್ಣ ಮುಂದೆ ಬಂತು, ಹೆಗಲ ಮೇಲೆ ಅವನನ್ನು ಹೊತ್ತದ್ದು, ರಾಯಚೂರಿನವರೆಗೂ ಹಾಡುತ್ತಾ ಬಂದದ್ದು. ಹೇಳಲು ಆಗಲಿಲ್ಲ. ಹೇಡಿ ನಾನು.

ಅದೇ ಮೈದಾನ. ಕಂಬ ಹೊಸವು. ಎಡಗಡೆಯ ಗೋಲಿನ ಪಕ್ಕದಲ್ಲಿ ಪರ್ವೇಜ್, ಗುಲ್ನಾಜ್ ನಿಂತಿದ್ದರು. ಶೇಖರ ಹಾರ ಹಾಕಿಸಿಕೊಂಡು ಮೈಕ್ ಹಿಡಿದು ಗೋಲಿನ ಕಥೆ ಹೇಳಿದ. ಮಾನ್ವಿಯ ಜನಕ್ಕೆ ಅದು ಅಷ್ಟು ಹಿಡಿಸಲಿಲ್ಲ, ಹಿಂದಿನಿಂದ ಒಬ್ಬ "ಸುಳ್ಳು ಬ್ಯಾಡ್ರಿ" ಎಂದು ಕೂಗಿದ. ಶೇಖರನಿಗೆ ಸಿಟ್ಟು ಬಂತು. "ಸುಳ್ಳಾ? ಅವತ್ತು ಬಲಿ ಕಟ್ಟಿದಾಂವ, ಗೋಲಿನ ಹಿಂದ ನಿಂತಾಂವ, ಇಲ್ಲೇ ಅದಾನ. ಬಾರೋ ಅಯ್ಯಣ್ಣ, ಹೇಳು ಇವರಿಗಿ!"

ಕೈ ಹಿಡಿದು ಅವನೇ ಮೇಲೆ ಎಳೆದುಕೊಂಡ. ಮೈಕ್ ಅವನೇ ಕೊಟ್ಟ.

ನಾನು ಹೇಳಿದ್ದು ಇಷ್ಟು: "ಅದು ಗೋಲಲ್ರಿ. ಚೆಂಡು ಕಂಬದ ಹೊರಗ ಹೋಗಿತ್ತು. ನಾ ಕಟ್ಟಿದ ಗಂಟು ಬಿಚ್ಚಿತ್ತು, ಅದರಾಗಿಂದ ಒಳಗ ಬಂತು. ನಾ ನೋಡಿದ್ನಿ. ಅವಸರಕ್ಕ ಗೋಲ್ ಅಂತ ಒದರಿದ್ನಿ, ನೋಡಿದ ಮ್ಯಾಲೂ ಅಲ್ಲ ಅನ್ನಲಿಲ್ಲ, ಯಾರಿಗೂ ಗೊತ್ತಾಗಬಾರ್ದಂತ ಮತ್ತ ಗಂಟ ಹಾಕಿದ್ನಿ. ಪರ್ವೇಜ್ ಅವರ ಕಾಲಾಗಿಂದ ಏನೂ ಹೋಗಿಲ್ಲ. ಶೇಖರಗೂ ಇದು ಗೊತ್ತಿಲ್ಲ. ತಪ್ಪು ನಂದು."

ಒಬ್ಬ ಮುದುಕ ಎದ್ದು "ನಾ ಅವತ್ತೇ ಹೇಳಿದ್ನೆಲ್ಲಾ!" ಅಂದ. ಅವತ್ತು ಒಬ್ಬನೂ ಹೇಳಿರಲಿಲ್ಲ. ಜನ ನಕ್ಕರು, ಸೀಟಿ ಹೊಡೆದರು, ಪರ್ವೇಜ್‌ನ ಬೆನ್ನು ತಟ್ಟಿದರು. ಅವನು ಯಾರ ಕಡೆಗೂ ನೋಡಲಿಲ್ಲ. ನಡೆದುಹೋಗಿ ಗೋಲಿನ ನಡುವೆ ನಿಂತ, ಎರಡೂ ಕಂಬ ಮುಟ್ಟಿದ, ಹೊರಗೆ ಬಂದ. ಗುಲ್ನಾಜ್ ಮುಖಕ್ಕೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ತಿರುಗಿ ನೋಡಿದರೆ ಕುರ್ಚಿಯ ಮೇಲೆ ಹಾರ ಇತ್ತು, ಶೇಖರ ಇರಲಿಲ್ಲ.

ನಮ್ಮ ಹುಡುಗಿಯರು ಗೆದ್ದರಂತೆ, 3–1. ಎದುರಿಗೇ ಕೂತಿದ್ದೆ, ಒಂದು ಗೋಲೂ ನೆನಪಿಲ್ಲ.

ಡಿಸೆಂಬರ್ 2

ಶೇಖರ ಫೋನ್ ಎತ್ತಲಿಲ್ಲ.

ಡಿಸೆಂಬರ್ 3

ಎತ್ತಲಿಲ್ಲ.

ಡಿಸೆಂಬರ್ 7

ಅವನ ಮನೆಗೆ ಹೋದೆ. ಒಳಗಿನಿಂದ ಅವನದೇ ದನಿ: "ಇಲ್ಲ ಅಂತ ಹೇಳು." ಓಣಿಗೆಲ್ಲ ಕೇಳುವಷ್ಟು ಜೋರು. ಮತ್ತೆ ಅಂದ: "ಮೂವತ್ತು ವರ್ಷ ಬಾಜೂಕ ಕುಂತು ಹೂಂ ಅಂದಾನ, ಅವ್ವಾ ಕಟ್ಟಿದ ರೊಟ್ಟಿ ತಿನಿಸ್ಯಾನ. ಒಂದ ಮಾತು ನನಗ ಮೊದಲ ಹೇಳಬಾರ್ದಿತ್ತೇನು? ಹಾರ ಹಾಕಿಸಿ ನಿಂದರಿಸಿ ಹೇಳಬೇಕಿತ್ತೇನು?"

ಹೊಸ್ತಿಲಾಚೆ ನಿಂತೇ ಕೇಳಿದೆ. ಅವನು ಅಂದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಪರ್ವೇಜ್‌ಗೆ ಮೂವತ್ತು ವರ್ಷ ತಡ ಮಾಡಿದೆ, ಅಂಗಿ ತೋರಿಸಲು ಬಂದ ದಿನವೂ ಹೇಳದೆ ಇವನಿಗೆ ಮತ್ತೆ ಐದು ದಿನ ತಡ ಮಾಡಿದೆ. ಅದೇ ಬುದ್ಧಿ.

ಹುಮೇರಾ ವಹಿ ತೆರೆದು ಹಾಳೆ ಎಣಿಸಿದಳು, ಓದಲಿಲ್ಲ. "ಅರ್ಧ ಪುಟ ಅಂದ್ರ ನಾಕು ನಾಕು ಪುಟ ಬರದೀರಲ್ಲ ಕಾಕಾ!" ಅಂದಳು. ಮಾತು ಬಹಳ ಇದ್ದರೆ ಹಾಳೆ ಬಹಳ ಬೇಕಾಗುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ?

ಡಿಸೆಂಬರ್ 10

ಮಾನ್ವಿ ಬಸ್ಸಿನ ಕಂಡಕ್ಟರ್ ಒಂದು ಕಾಗದದ ಪೊಟ್ಟಣ ಕೊಟ್ಟು ಹೋದ. ಒಳಗೆ ಸ್ಟೀಲಿನ ರೊಟ್ಟಿ ಡಬ್ಬಿ. ಚೀಟಿ ಇಲ್ಲ, ಏನಿಲ್ಲ. ಮುಚ್ಚಳದ ಮೇಲೆ ಕೊರೆದಿತ್ತು:

22-1-1994
ರಾಯಚೂರು 0 ಮಾನ್ವಿ 0
ಅಯ್ಯಣ್ಣನವರಿಗೆ, ಪರ್ವೇಜ್‌ನಿಂದ

ಬಾಲಮ್ಮ ಓದಿ "ಇದೇನ್ರಿ, ಸೊನ್ನಿ ಉಡುಗೊರಿ ಕೊಟ್ಟಾರ?" ಅಂದಳು. ಕೂರಿಸಿ ಮೊದಲಿನಿಂದ ಹೇಳಿದೆ. ಕೇಳಿ ಮುಗಿಸಿ, "ಅದಕ್ಕೇನು ನಿದ್ದ್ಯಾಗ ಗಂಟ ಬಿಚ್ಚಿತು, ಗಂಟ ಬಿಚ್ಚಿತು ಅಂತಿದ್ರಿ? ನಾ ಅಂಗಡಿ ಚೀಲದ್ದು ಅಂದ್ಕೊಂಡಿದ್ನಿ" ಅಂದಳು. ಹಳೆ ಚೀಲ ತರುತ್ತೇನೆಂದು ಸುಳ್ಳು ಹೇಳಿ ಹೋದದ್ದಕ್ಕೆ ಚೆನ್ನಾಗಿ ಬೈದಳು. ಮೈ ಹಗುರಾಯಿತು.

ಡಿಸೆಂಬರ್ 14

ದೇವದುರ್ಗದಲ್ಲಿ ಫೈನಲ್. ಗೆದ್ದೆವು, 2–0. ಮೌನೇಶ್ವರಿ ಎರಡು ಚೆಂಡು ಮಲಗಿ ತಡೆದಳು, ನಮ್ಮ ಹುಡುಗಿಯರು ಈ ವರ್ಷ ಆಡಿದಂತೆ ನಾವು ಯಾವ ವರ್ಷವೂ ಆಡಿರಲಿಲ್ಲ. ಎರಡೂ ಬಲೆ ಕಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಅದಿರಲಿ, ಬಸ್ಸಿನದು ಬರೆಯಬೇಕು.

ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹೊರಡುವಾಗ ಶೇಖರ ಓಡಿಬಂದು ಹತ್ತಿದ. ನನ್ನ ಪಕ್ಕದ ಸೀಟು ಖಾಲಿ ಇತ್ತು, ಅವನು ಮುಂದಿನ ಸೀಟಿನಲ್ಲಿ ಕೂತ. ಬೆನ್ನು ಮಾತ್ರ ಕಾಣುತ್ತಿತ್ತು. ಗಬ್ಬೂರು ದಾಟಿತು, ಇವತ್ತು ಬಸ್ಸಿನಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಬಸ್ಸು ಇಷ್ಟು ಸದ್ದು ಮಾಡುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ತಡೆಯಲಾಗಲಿಲ್ಲ. "ತಪ್ಪಾತೋ ಶೇಖರ. ನಿನಗ ಮೊದಲ ಹೇಳಬೇಕಿತ್ತು" ಅಂದೆ. ಅವನು ತಿರುಗದೆಯೇ ಸೀಟಿನ ಮೇಲಿಂದ ಹಿಂದಕ್ಕೆ ಕೈ ಚಾಚಿದ. "ರೊಟ್ಟಿ ಅದ ಏನು?"

ಡಬ್ಬಿ ಕೊಟ್ಟೆ. ಕೊಟ್ಟ ಮೇಲೆ ಮುಚ್ಚಳದ ಮೇಲಿನ ಬರಹ ನೆನಪಾಯಿತು.

ಅವನು ಓದಿದ. ಸೊನ್ನೆಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ. ಮುಖ ನೋಡಲಿಲ್ಲ. ರೊಟ್ಟಿ ಮುರಿದು ಅರ್ಧ ನನ್ನ ಕೈಯಲ್ಲಿಟ್ಟ.

"ಅವತ್ತು ಮೊದಲನೇ ಅರ್ಧದಾಗ ನಾ ಇನ್ನೊಂದು ಹೊಡದಿದ್ನಿ" ಅಂದ. "ಕಂಬಕ್ಕ ಬಡೀತು. ನೆನಪದ ಏನು ನಿನಗ?"

"ಅದ. ಬಲಗಡಿ ಕಂಬ. ಮೊಳಕಾಲೆತ್ತರಕ್ಕ."

"ಅದು ಖರೇ ಹೊಡದಿದ್ನಲ್ಲ?"

"ಖರೇ ಹೊಡದಿದ್ದಿ."

ರೊಟ್ಟಿ ಮುಗಿಸಿದ. ಮೂಗು ಒರೆಸಿಕೊಂಡ. ಆಮೇಲೆ ಹಿಂದಕ್ಕೆ ತಿರುಗಿ ಕೂಗಿದ: "ಏ ಮೌನೇಶ್ವರಿ, ಕೇಳಿಲ್ಲಿ. ತೊಂಬತ್ನಾಕರಾಗ ಮಾನ್ವಿಯಾಗ ನಾ ಒಂದು ಹೊಡದ್ನಿ ನೋಡವ್ವಾ, ಕಂಬಕ್ಕ ಬಡಿದು ಏನು ಸಪ್ಪಳ ಅಂತಿ! ಇಡೀ ಕಂಬ ಗಡಗಡ ಅಂತು. ಖೊಟ್ಟಿ ಅನ್ನಬ್ಯಾಡ, ಇಂವನ್ನ ಕೇಳು, ಇಂವ ಹಿಂದ ನಿಂತಿದ್ದ."

ಹುಡುಗಿಯರೆಲ್ಲ ನನ್ನ ಕಡೆ ನೋಡಿದರು. ಹೂಂ ಅಂದೆ.

ಕಂಬ ಅಷ್ಟೇನೂ ಅಲ್ಲಾಡಿರಲಿಲ್ಲ. ಇದೊಂದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.